ಎರಡನೇ ಇಂಜೆಕ್ಷನ್

"ನನ್ನ ಮುಂದ ಹೇಳಲಾರದ್ದು ಡಾಕ್ಟರ ಕಿವಿಯಾಗ ಏನ ಊದಾಕತ್ತಿ?"

ಸರೋಜವ್ವನ ದನಿಗೆ ಹಾನಗಲ್ಲಿನ ಆ ಸಣ್ಣ ಆಸ್ಪತ್ರೆಯಲ್ಲಿ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಸೊಸೆ ನೀಲಾಂಬಿಕಾ ತಲೆ ತಗ್ಗಿಸಿದಳು.

ಬೆಳಿಗ್ಗೆ ಅಕ್ಕಿಆಲೂರಿನ ಗದ್ದೆಯಲ್ಲಿ ಟ್ರ್ಯಾಕ್ಟರಿನ ತುಕ್ಕು ಹಿಡಿದ ಬ್ಲೇಡು ಮಗ ಶಂಭುಲಿಂಗನ ಮೀನಖಂಡಕ್ಕೆ ಹೊಕ್ಕಿತ್ತು. ಗಾಯದ ತುಂಬ ಕೆಸರು, ಸಗಣಿ! ಹೋದ ವರ್ಷವಷ್ಟೇ ಅವನಿಗೆ ಧನುರ್ವಾಯುವಿನ ಟಿ.ಟಿ. ಇಂಜೆಕ್ಷನ್ ಆಗಿತ್ತು. ಗಾಯ ತೊಳೆದು ಹೊಲಿಗೆ ಹಾಕಿದರೆ ಸಾಕೆಂದು ಸರೋಜವ್ವ ತಿಳಿದಿದ್ದಳು. ಆದರೆ ಸೊಸೆ ಡಾಕ್ಟರ್ ಜಯಶ್ರೀಯನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದ್ದಳು. ಕೊನೆಯ ಮಾತಷ್ಟೇ ಅತ್ತೆಯ ಕಿವಿಗೆ ಬಿದ್ದಿತ್ತು... "ಅವರ ಅವ್ವಗ ಮಾತ್ರ ಹೇಳಬ್ಯಾಡ್ರಿ!"

ಸರೋಜವ್ವನ ಎದೆಯಲ್ಲಿ ಬಹಳ ದಿನದಿಂದ ಕುದಿಯುತ್ತಿದ್ದುದು ಉಕ್ಕಿಬಂತು. ತವರು ಹಿರೇಕೆರೂರು, ತವರಿಗೆಂದು ಹೇಳಿ ಇವಳು ಹತ್ತುವುದು ಹಾವೇರಿ ಬಸ್ಸು! ಬಾಗಿಲು ಹಾಕಿಕೊಂಡು ಗಂಡನಿಗೆ ಅದೇನೋ ಗುಳಿಗೆ ನುಂಗಿಸುತ್ತಾಳೆ. ಒಮ್ಮೆ ಕಿಟಕಿಯಿಂದ ಕಣ್ಣಾರೆ ಕಂಡಿದ್ದಳಲ್ಲ...

"ನನ್ನ ಮಗಗ ಮದ್ದು ಹಾಕೀಯೇನ? ಅವನ್ನ ಕೈಯಾಗ ಇಟ್ಕೋಬೇಕಂತ ಏನ ತಿನಸಾಕತ್ತಿ? ಬೊಗಳ!"

"ಅತ್ತೀ, ಮೊದಲ ಅವರಿಗೆ ಇಂಜೆಕ್ಷನ್ ಆಗಲ್ರಿ. ಆಮ್ಯಾಲ ಎಷ್ಟ ಬೇಕಾದ್ರೂ ಬೈರಿ... ಬ್ಯಾಡಂದ್ರ ತವರಿಗೆ ಹೊಕ್ಕೇನಿ," ಎಂದು ನೀಲಾಂಬಿಕಾ ಬಿಕ್ಕಿದಳು.

"ಅವ್ವಾ, ಸಾಕು! ಒಳಗ ಬಾ," ಶಂಭುಲಿಂಗ ಮಲಗಿದಲ್ಲಿಂದಲೇ ಕೂಗಿದ. ಅತ್ತೆ-ಸೊಸೆ ಒಳಗೆ ಹೋದ ಮೇಲೆ ಡಾಕ್ಟರು ಬಾಗಿಲು ಮುಚ್ಚಿದರು, ಮಗ ದನಿ ತಗ್ಗಿಸಿದ. "ಆ ಗುಳಿಗಿ ನನ್ನವು, ಹಾವೇರಿ ಆಸ್ಪತ್ರಿಯಿಂದ ಆಕಿ ತರ್ತಾಳ. ನನಗ ಎಚ್.ಐ.ವಿ. ಐತಿ. ಮದುವಿ ಆದ ಮ್ಯಾಲ ಗೊತ್ತಾತು. ಬಿಟ್ಟು ಹೋಗಂದ್ರೂ ಆಕಿ ಹೋಗಲಿಲ್ಲ. ನಿನಗ ಹೇಳಬಾರದಂತ ಆಣಿ ಹಾಕಿಸಿಕೊಂಡಾವ ನಾನ..."

ಸರೋಜವ್ವ ಮಗನ ಮಂಚದ ಸರಳು ಹಿಡಿದುಕೊಂಡಳು. ಆದರೂ ಪಾಪಿ ಮನಸ್ಸು ನಂಬಲೊಲ್ಲದು! "ಈಕಿಯಿಂದನ ಬಂದಿಲ್ಲಂತ ಏನ ಖಾತ್ರಿ?"

"ಆಕಿಗೆ ಇಲ್ಲ, ಅವ್ವಾ. ತಪಾಸಣಿ ಮಾಡಿಸೇವಿ."

ಶಂಭುಲಿಂಗ ಒಪ್ಪಿ ತಲೆಯಾಡಿಸಿದ ಮೇಲೆ ಡಾಕ್ಟರು ಹೇಳಿದರು: "ಈ ಸೋಂಕು ಇದ್ದವರ ಮೈಯಾಗ ಟಿ.ಟಿ. ಕೊಟ್ಟ ಶಕ್ತಿ ಕೆಲವೊಮ್ಮೆ ಕಡಿಮಿ ಇರ್ತೈತ್ರಿ, ಲಗೂನ ಇಳೀತೈತಿ. ಗಾಯ ಹಿಂಗ ಹೊಲಸಾದಾಗ ಧನುರ್ವಾಯು ಆಗಬಾರದಂತ ಇನ್ನೊಂದು ಇಂಜೆಕ್ಷನ್ ಕೊಡ್ತೇವಿ. ನಿಮ್ಮ ಸೊಸಿ ವಿಷಯ ಹೇಳಿದ್ದಕ್ಕ ನನಗ ತಿಳೀತು."

ಹೇಳದಿದ್ದರೆ...? ದವಡೆ ಕಚ್ಚಿ, ಬಿಲ್ಲಿನಂತೆ ಬೆನ್ನು ಬಾಗಿ ಸತ್ತ ತನ್ನ ಅಣ್ಣ ಸರೋಜವ್ವನ ಕಣ್ಣ ಮುಂದೆ ಬಂದ. ಸೊಸೆಯ ಮುಖವನ್ನು ದಿಟ್ಟಿಸಿದಳು. ಎಷ್ಟು ಹುಡುಕಿದರೂ ಅಲ್ಲಿ ಕಪಟ ಸಿಗಲಿಲ್ಲ. ಅತ್ತು ಬಾತ ಕಣ್ಣುಗಳಷ್ಟೇ ಇದ್ದವು. ನರ್ಸ್ ಸೂಜಿ ಚುಚ್ಚುವಾಗ ಅತ್ತೆ ಸೊಸೆಯ ಕೈ ಹಿಡಿದಳು, ಮುಗಿದರೂ ಬಿಡಲಿಲ್ಲ.

ಹೊರಗೆ, ಅವರನ್ನು ಜೀಪಿನಲ್ಲಿ ಕರೆತಂದಿದ್ದ ಸರೋಜವ್ವನ ಭಾವ ಉಳವಪ್ಪ ಕಾದಿದ್ದ.

"ಏನವಾ, ಅಷ್ಟ ಕೂಗಾಡಿದಿ? ಏನ ಮಾಡ್ಯಾಳ ನಿನ್ನ ಸೊಸಿ?"

"ಆಕಿ ಏನೂ ಮಾಡಿಲ್ರಿ. ರಕ್ತ ನೋಡಿ ನನಗ ತೆಲಿ ಕೆಟ್ಟಿತ್ತು."

"ಖರೇನ? ಏನೋ ಮುಚ್ಚಿಡಾಕತ್ತೀರಿ..."

ಅವನ ಕಣ್ಣು ಮೂವರ ಮೇಲೂ ಹರಿದಾಡಿತು. ಇಷ್ಟು ದಿನ ತಾನೂ ಸೊಸೆಯನ್ನು ಹೀಗೇ ಅನುಮಾನದಿಂದ ನೋಡಿದ್ದಳಲ್ಲ! ಸರೋಜವ್ವ ನೀಲಾಂಬಿಕಾಳ ಮುಂದೆ ಬಂದು ನಿಂತಳು.

"ನನ್ನ ಸೊಸಿ ವಿಷಯ ನನಗ ಬಿಡ್ರಿ. ಜೀಪ್ ಚಾಲೂ ಮಾಡ್ರಿ, ಹೋಗೂನು."