ಕೇಬಲ್ ಎಳೆಯಲು ಇಬ್ಬರು ಬೇಕು

ಜನವರಿ 19, ಸೋಮವಾರ, ಬೆಳಿಗ್ಗೆ 8.05. ಪ್ಲಾತಿನೊ ದ್ವೀಪದ ಬಂದರು ಪೊಲೀಸ್ ಠಾಣೆಗೆ ಅರೇತಿ ಎಂಬ ಹೆಂಗಸು ಬರಿಗಾಲಲ್ಲಿ ಓಡಿ ಬಂದಳು. ಹೊರಗೆ ಎರಡೇ ಡಿಗ್ರಿ. ಮಂಡಿಯವರೆಗೆ ಒದ್ದೆಯಾಗಿದ್ದಳು, ಅದು ಅವಳಿಗೆ ಗೊತ್ತಿದ್ದ ಹಾಗಿರಲಿಲ್ಲ.

"ಕೊಲೆ ಅಂತ್ಲೇ ಬರ್ಕೊಳ್ಳಿ. ನನ್ ಗಂಡನ್ನ ಅವರಣ್ಣನೇ ಬೋಟು ಗುದ್ದಿಸಿ ಸಾಯಿಸ್ದ."

ಕಾನ್‌ಸ್ಟೆಬಲ್ ಲಾಂಬ್ರೊಸ್‌ನ ಪೆನ್ನು ಅಲ್ಲೇ ನಿಂತಿತು. ಇವಳ ಗಂಡ ಎಂದರೆ ಮೆಕ್ಯಾನಿಕ್ ಅನೆಸ್ತಿಸ್. ಹೋದ ವಾರ ಠಾಣೆಯ ಗಸ್ತು ಬೋಟಿನ ಪಂಪ್ ರಿಪೇರಿ ಮಾಡಿ, ಲಾಂಬ್ರೊಸ್‌ನ ಹೊಟ್ಟೆ ತಟ್ಟಿ, "ಇದನ್ನೂ ಬಿಚ್ಚಿ ನೋಡ್ಲಾ?" ಎಂದು ನಗಿಸಿ ಹೋಗಿದ್ದವನು. ಇನ್ನೂರು ಮನೆಯ ಊರಲ್ಲಿ ಇದ್ದ ಒಬ್ಬನೇ ಮೆಕ್ಯಾನಿಕ್.

ಇನ್‌ಸ್ಪೆಕ್ಟರ್ ಸೆವಸ್ತಿ ಒಳಕೋಣೆಯಿಂದ ಬಂದು ಅರೇತಿಯನ್ನು ಹೀಟರಿನ ಪಕ್ಕ ಕೂರಿಸಿದಳು. 8.20ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಫೋತಿಸ್, 46, ಬೋಟಿನ ಮಾಲೀಕ, ಮೃತನ ಅಣ್ಣ.

"ಅಣ್ಣ ತಮ್ಮಂದಿರ ಮಧ್ಯೆ ಏನಿತ್ತು?"

"ಮಾತಿರ್ಲಿಲ್ಲ. ಒಂಬತ್ತು ವರ್ಷ. ಮಾವ ತೀರ್ಕೊಂಡಾಗ ನಮ್ಮವರು ಆಚೆ ದಡದಲ್ಲಿ ಕೆಲಸದಲ್ಲಿದ್ರು. ಬಿರುಗಾಳಿ, ಹಡಗು ಬಿಡ್ಲಿಲ್ಲ. ಅಪ್ಪನ ಮಣ್ಣಿಗೆ ಬರದೋನು ನನ್ ತಮ್ಮನೇ ಅಲ್ಲ ಅಂದುಬಿಟ್ಟ ಇವನು, ಕಾಫಿ ಅಂಗಡೀಲಿ, ಎಲ್ಲರ ಎದುರಿಗೆ."

ಬೋಟು ಕಟ್ಟುವ ಧಕ್ಕೆಯ ಮೇಲೆ ಮಹಜರು 8.50ಕ್ಕೆ ಶುರುವಾಯಿತು. ಫೋತಿಸನ ಹತ್ತು ಟನ್ನಿನ ಮರದ ಬೋಟು ಮೂತಿ ಜಜ್ಜಿಕೊಂಡು ಕಲ್ಲಿಗೆ ಒರಗಿತ್ತು. ಕಲ್ಲಿನ ಮೇಲಿನ ರಕ್ತವನ್ನು ಯಾರೋ ಬಕೆಟ್ ನೀರು ಸುರಿದು ತೊಳೆಯಲು ಹೊರಟಿದ್ದರು. ಲಾಂಬ್ರೊಸ್ ಗದರಿ ತಡೆದ.

ಕಾಫಿ ಅಂಗಡಿಯ ಮುದುಕ ಸ್ತ್ರಾತೋಸ್ ಎಲ್ಲವನ್ನೂ ಕಣ್ಣಾರೆ ಕಂಡಿದ್ದ.

"ಎಷ್ಟೊತ್ತಿಗೆ?"

"ಏಳೂ ಇಪ್ಪತ್ತು. ಬೋಟು ಬರ್ತಿತ್ತು. ವೇಗ ಇಳೀಲೇ ಇಲ್ಲ."

"ಅನೆಸ್ತಿಸ್ ಎಲ್ಲಿದ್ದ?"

"ಅರ್ಧ ಗಂಟೆಯಿಂದ ಧಕ್ಕೆ ತುದೀಲೇ ನಿಂತಿದ್ದ. ಬಾರೋ, ಕಾಫಿ ಕುಡಿ ಅಂದೆ. ಬರ್ಲಿಲ್ಲ. ಬೋಟು ಹತ್ರ ಬರೋಕ್ಮುಂಚೇನೆ ಕೈ ಬೀಸ್ಕೊಂಡು ಕೂಗಕ್ಕೆ ಶುರು ಮಾಡ್ದ. 'ಅಣ್ಣಾ, ಕೇಬಲ್ ಹಿಡ್ಕೊಂಡಿದೆ, ಎಂಜಿನ್ ಆರ್ಸು' ಅಂತ. ಆಮೇಲೆ ಹಳೇ ಟೈರೊಂದನ್ನ ಎತ್ಕೊಂಡು ಬೋಟಿಗೂ ಕಲ್ಲಿಗೂ ಮಧ್ಯ ಕೊಡಕ್ಕೆ ಹೋದ. ಕಾಲು ಜಾರ್ತು ಮೇಡಂ."

ಫೋತಿಸ್ ಬಲೆಯ ರಾಶಿಯ ಮೇಲೆ ಕೂತಿದ್ದ. ಅವನ ಕೈಗಳು ಇನ್ನೂ ಲಿವರ್ ಹಿಡಿದ ಹಾಗೇ ಮುಷ್ಟಿಯಾಗಿದ್ದವು.

"ನಿನ್ನೆ ಎಲ್ಲಿಗೆ ಹೋಗಿದ್ದೆ?"

"ದೊಡ್ಡ ದ್ವೀಪದ ಆಸ್ಪತ್ರೆಗೆ. ಬೇಕರಿಯವರ ಸೊಸೆಗೆ ಹೆರಿಗೆ ನೋವು ಬಂತು. ಭಾನುವಾರ ನಾನು ಬೋಟು ಬಿಡಲ್ಲ. ಇದಕ್ಕೆ ಬಿಟ್ಟೆ. ಮಧ್ಯಾಹ್ನ ಒಂದು ಗಂಟೆಗೆ."

"ಆಗ ಗೇರು ಸರಿಯಿತ್ತಾ?"

"ಬೆಣ್ಣೆ ಥರ ಇತ್ತು. ರಾತ್ರಿ ಅಲ್ಲೇ ಇದ್ದೆ. ಬೆಳಿಗ್ಗೆ ಹೊರಡೋವಾಗ ಸ್ವಲ್ಪ ಬಿಗಿ. ಚಳಿಗೆ ಇರ್ಬೇಕು ಅಂತ ಜೋರಾಗಿ ಮುಂದಕ್ಕೆ ತಳ್ದೆ, ಗೇರು ಬಿತ್ತು. ಇಲ್ಲಿಗೆ ಬಂದು ಹಿಂದಕ್ಕೆ ಎಳೀತೀನಿ, ಬರ್ತಾನೇ ಇಲ್ಲ. ಎಂಜಿನ್ ಆರಿಸೋ ಹೊತ್ತಿಗೆ ತಡ ಆಗಿತ್ತು."

"ತಮ್ಮ ಕೂಗಿದ್ದು ಕೇಳಿಸ್ಲಿಲ್ವಾ?"

"ಎಂಜಿನ್ ಸದ್ದು. ಬಾಯಿ ಆಡ್ತಿತ್ತು. ಬಯ್ತಿದಾನೆ ಅಂದ್ಕೊಂಡೆ."

ಪರೀಕ್ಷೆ ನಡೆದದ್ದು 12.15ಕ್ಕೆ, ಕ್ರೇನಿನವನು ಬಂದು ಬೋಟನ್ನು ಕಲ್ಲಿನಿಂದ ಬಿಡಿಸಿದ ಮೇಲೆ. ಅಷ್ಟರಲ್ಲಿ ಬಿಸಿಲು ಚಾಲಕನ ಕೋಣೆಯ ಮೇಲೆ ಚೆನ್ನಾಗಿ ಬಿದ್ದಿತ್ತು. ಸೆವಸ್ತಿ ಗೇರ್ ಲಿವರ್ ಹಿಡಿದು ಹಿಂದಕ್ಕೆ ಎಳೆದಳು. ಅದು ಎರಡು ಬೆರಳಿಗೆ ಬಂತು. ಮುಂದೆ, ನಡುವೆ, ಹಿಂದೆ, ಐದು ಸಲ. ಎಲ್ಲೂ ತಡೆಯಲಿಲ್ಲ.

ಸುತ್ತ ನಿಂತಿದ್ದ ಜನ ಅದನ್ನು ನೋಡಿದರು. ಫೋತಿಸ್ ಬಾಯಿ ತೆರೆದು ಲಿವರನ್ನೇ ನೋಡುತ್ತಿದ್ದ. ಅಂಥ ದಿಗ್ಭ್ರಮೆಯನ್ನು ನಟಿಸುವುದು ಕಷ್ಟ ಎಂದು ಸೆವಸ್ತಿಗೆ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲ. 'ಲಿವರ್ ಸುಗಮವಾಗಿ ಚಲಿಸುತ್ತದೆ' ಎಂದೇ ಬರೆಸಿದಳು.

ಲಿವರಿನ ಡಬ್ಬಿ ಬಿಚ್ಚಿದ ಲಾಂಬ್ರೊಸ್ ಬೆರಳಿಗೆ ಅಂಟಿದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬಾಗಿಲ ತಿರುಗಣಿಗೆ, ಮಕ್ಕಳ ಕಿವಿನೋವಿಗೆ, ಬಟ್ಟೆ ಹೊಲಿಯುವ ಮೆಷಿನ್ನಿಗೆ ಎಲ್ಲದಕ್ಕೂ ಒಂದೇ ಆಲಿವ್ ಎಣ್ಣೆ ಬಳಸುವ ಊರು ಇದು. ಅದು ಅಲ್ಲೇಕೆ ಇದೆ ಎಂದು ಅವನು ಯೋಚಿಸಲೇ ಇಲ್ಲ. ಸೆವಸ್ತಿ ಪಟ್ಟಿ ಮಾಡುತ್ತಾ ಹೋದಳು: ದಿಕ್ಸೂಚಿ ಒಂದು, ಲೈಟರ್ ಒಂದು, ಲಿವರಿನ ಮೇಲಿನ ಗೂಡಿನಲ್ಲಿ ಸಂತ ನಿಕೊಲಾಸರ ಪಟ, ಅದರ ಮುಂದೆ ಗಾಜಿನ ದೀಪ. ಬತ್ತಿ ಹೊಸದು, ಸುಟ್ಟಿಲ್ಲ. ಎಣ್ಣೆ ಇಲ್ಲ.

1.10ಕ್ಕೆ ಫೋತಿಸನನ್ನು ವಶಕ್ಕೆ ತೆಗೆದುಕೊಂಡರು. ಲಾಕಪ್ಪಿನಲ್ಲಿ ಅವನು ವಕೀಲರನ್ನು ಕೇಳಲಿಲ್ಲ.

"ಮಣ್ಣು ಯಾವಾಗ?"

"ನಾಳೆ ಮಧ್ಯಾಹ್ನ ಮೂರಕ್ಕೆ," ಎಂದ ಲಾಂಬ್ರೊಸ್.

"ನನ್ನ ಬಿಡ್ತೀರಾ? ಬೇಡಿ ಹಾಕ್ಕೊಂಡು ಬೇಕಾದ್ರೂ ಬರ್ತೀನಿ. ಅಪ್ಪನ ಮಣ್ಣಿಗೆ ಬರ್ಲಿಲ್ಲ ಅಂತ ಒಂಬತ್ತು ವರ್ಷ ಅವನ ಮುಖ ನೋಡ್ಲಿಲ್ಲ ನಾನು. ಈಗ ಅವನ ಮಣ್ಣಿಗೆ ನಾನೇ ಹೋಗ್ಲಿಲ್ಲ ಅಂದ್ರೆ..."

ಕೊಲೆ ಆರೋಪಿಯನ್ನು ಮೃತನ ಮಣ್ಣಿಗೆ ಕರೆದೊಯ್ಯಲು ಬರುವುದಿಲ್ಲ ಎಂದು ಸೆವಸ್ತಿ ಹೇಳಿದಳು. ಹೇಳಿದ ಮೇಲೆ ಅವನ ಕಡೆ ನೋಡಲಾಗಲಿಲ್ಲ.

ಸಂಜೆ ಆರಕ್ಕೆ ಸೆವಸ್ತಿ, ಲಾಂಬ್ರೊಸ್ ಇಬ್ಬರೂ ಸ್ತ್ರಾತೋಸನ ಅಂಗಡಿಯಲ್ಲಿ ಬಿಳಿ ಬೀನ್ಸ್ ಕಾಳಿನ ಸಾರು ಮುಂದಿಟ್ಟುಕೊಂಡು ಕೂತಿದ್ದರು. ಸೆವಸ್ತಿ ಎಣ್ಣೆ ಕೇಳಿದಳು. ಮುದುಕ ಹಿಂದಿನ ಕೋಣೆಯಿಂದ ಬಾಟಲಿ ತಂದು ತಲೆಕೆಳಗೆ ಮಾಡಿದ. ಒಂದು ಹನಿಯೂ ಬೀಳಲಿಲ್ಲ. ಒಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಒಲೆ ಹತ್ರ ಇಡ್ತೀನಿ ತಡೀರಿ ಮೇಡಂ. ಈ ಸಲದ ಚಳಿ ಹಾಗಿದೆ."

ಸೆವಸ್ತಿ ಬಾಟಲಿಯನ್ನು ನೋಡಿದಳು. ಆಮೇಲೆ ಲಾಂಬ್ರೊಸ್‌ನ ಪ್ಯಾಂಟಿನ ಮೇಲಿದ್ದ ಹಸಿರು ಕಲೆಯನ್ನು ನೋಡಿದಳು.

"ಅದೇನು?"

"ಎಣ್ಣೆ. ಲಿವರಿಂದು."

"ಮೆಷಿನ್ ಎಣ್ಣೆನಾ?"

ಲಾಂಬ್ರೊಸ್ ಬಗ್ಗಿ ಮೂಸಿದ. "ಅಲ್ಲ ಮೇಡಂ. ಊಟದ್ದು."

ಮಂಗಳವಾರ ಬೆಳಿಗ್ಗೆ 7.00. ಮೂರು ಡಿಗ್ರಿ. ಇಬ್ಬರು ಪಂಚರ ಎದುರು ಸೆವಸ್ತಿ ಮತ್ತೆ ಲಿವರ್ ಹಿಡಿದಳು. ಅದು ಅಲುಗಲಿಲ್ಲ. ಲಾಂಬ್ರೊಸ್ ಎರಡೂ ಕೈ ಹಾಕಿ ಜಗ್ಗಿದ. ಅಷ್ಟು ಭಾರದ ಆಳಿಗೂ ಬೆರಳಗಲ ಬಂದು ಕಚ್ಚಿಕೊಂಡಿತು. ಲಿವರಿನಿಂದ ಕೆಳಗೆ ಎಂಜಿನ್‌ವರೆಗೆ ಹೋಗುವ ಕೇಬಲ್ಲನ್ನು ಕತ್ತರಿಸಿ ನೋಡಿದರು. ಹೊರಗವಚ ಮತ್ತು ಒಳತಂತಿಯ ನಡುವೆ, ಜಾಡಿಯ ತಳದ ಗಸಿಯ ಸಮೇತ, ಆಲಿವ್ ಎಣ್ಣೆ ಮೇಣದ ಹಾಗೆ ಕೂತಿತ್ತು. ನಿನ್ನೆಯ ಬಿಸಿಲಿಗೆ ಕರಗಿದ್ದು ರಾತ್ರಿಯ ಚಳಿಗೆ ಮತ್ತೆ ಗಟ್ಟಿಯಾಗಿತ್ತು. ಫೋತಿಸ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಅವನೇ ಸುರ್ಕೊಂಡಿರ್ಬಹುದಲ್ಲ ಮೇಡಂ? ಕೇಬಲ್ ಬಿಗಿಯಾದ್ರೆ ಎಲ್ಲರೂ ಮೇಲಿಂದ ಎಣ್ಣೆ ಬಿಡ್ತಾರೆ."

"ಬೆಣ್ಣೆ ಥರ ಇದ್ದ ಕೇಬಲ್ಲಿಗೆ ಯಾಕೆ ಬಿಡ್ತಾನೆ? ಅದಿರ್ಲಿ, ಇನ್ನೊಂದು ಹೇಳು. ಕೇಬಲ್ ಹಿಡ್ಕೊಂಡಿದೆ ಅಂತ ಲಿವರ್ ಕೈಲಿದ್ದೋನಿಗೇ ಗೊತ್ತಿರ್ಲಿಲ್ಲ. ದಡದಲ್ಲಿ ನಿಂತೋನಿಗೆ ಹೇಗೆ ಗೊತ್ತಾಯ್ತು?"

ಲಾಂಬ್ರೊಸ್ ಕತ್ತರಿಸಿದ ಕೇಬಲ್ಲನ್ನು ಪಂಚರ ಎದುರು ಚೀಲಕ್ಕೆ ಹಾಕಿ ಮೊಹರು ಮಾಡಿದ.

8.30ಕ್ಕೆ ಅರೇತಿಯ ಮನೆ.

"ನಿನ್ನೆ ಬೆಳಿಗ್ಗೆ ನಿಮ್ಮ ಗಂಡನಿಗೆ ಯಾರಾದ್ರೂ ಫೋನ್ ಮಾಡಿದ್ರಾ?"

"ಅತ್ತೆ. ಆರೂವರೆಗೆ. ಏನಂದ್ರೋ ಗೊತ್ತಿಲ್ಲ. ಇವರು ಹೂಂ ಅಂದ್ರು, ಕಾಫೀನೂ ಕುಡೀದೆ ಹೊರಟ್ರು."

"ಫೋತಿಸನ ಬೋಟಿನ ದೀಪಕ್ಕೆ ಎಣ್ಣೆ ಹಾಕೋದು ಯಾರು?"

"ಮನೆ ಹೆಂಗಸರೇ ಹಾಕ್ಬೇಕು, ಶನಿವಾರ ಸಂಜೆ. ಅವರಿಗೆ ಹೆಂಡತಿ ಇಲ್ವಲ್ಲ. ಅತ್ತೇನೇ ಹೋಗ್ತಾರೆ." ಹೇಳಿ ಮುಗಿಸುವಷ್ಟರಲ್ಲಿ ಅರೇತಿಯ ಮುಖ ಬಿಳಚಿಕೊಂಡಿತು. "ಯಾಕೆ ಕೇಳ್ತಿದೀರಿ?"

ಕೊಲೆಗಾರರನ್ನು ಹುಡುಕಿಕೊಂಡು ಹೊರಟ ಸೆವಸ್ತಿ ತಲುಪಿದ್ದು ಹೆತ್ತವಳ ಬಾಗಿಲಿಗೆ.

ಮುದುಕಿ ಮಿರ್ಸಿನಿ, 74, ಹಜಾರದಲ್ಲಿ ಮಗನ ಪೆಟ್ಟಿಗೆಯ ತಲೆಯ ಕಡೆ ಕೂತಿದ್ದಳು. ಕಪ್ಪು ಬಟ್ಟೆಯ ಹೆಂಗಸರು ಸುತ್ತ ಇದ್ದರು. ಪೊಲೀಸರನ್ನು ಕಂಡದ್ದೇ ತಾನಾಗಿ ಎದ್ದು ಅಡುಗೆಮನೆಗೆ ನಡೆದಳು. ಬಾಗಿಲು ಹಾಕಿದವಳೂ ಅವಳೇ.

"ಶನಿವಾರ ಬೋಟಿಗೆ ಎಣ್ಣೆ ತಗೊಂಡು ಹೋಗಿದ್ರಾ, ಅಮ್ಮ?"

"ಹೋಗಿದ್ದೆ."

"ದೀಪಕ್ಕೆ ಹಾಕಿದ್ರಾ?"

"ಇಲ್ಲ. ಲಿವರ್ ಡಬ್ಬಿ ಮುಚ್ಚಳ ಎತ್ತಿ ಕೇಬಲ್ ಬಾಯಿಗೆ ಬಿಟ್ಟೆ. ಜಾಡಿ ತಳದ ಗಸಿ ಎಣ್ಣೆ."

"ಯಾಕೆ?"

ಮಿರ್ಸಿನಿ ಒರೆಸುವ ಬಟ್ಟೆ ಕೈಗೆತ್ತಿಕೊಂಡು ಮೇಜು ಒರೆಸತೊಡಗಿದಳು. ಮೇಜು ಚೊಕ್ಕಟವಾಗಿಯೇ ಇತ್ತು.

"ಇವರಪ್ಪ ಒಂದ್ಸಲ ಕೇಬಲ್ ಬಿಗಿಯಾಯ್ತು ಅಂತ ಈ ಎಣ್ಣೇನೇ ಬಿಟ್ಟಿದ್ರು. ಬೆಳಿಗ್ಗೆ ಚಳಿಗೆ ಕಲ್ಲಾಗಿ ಕೂತಿತ್ತು. ಆಮೇಲೆ ಇವರಿಬ್ರೂ, ಆಗ ಮೀಸೇನೂ ಬಂದಿರ್ಲಿಲ್ಲ, ಹಳೇದನ್ನ ಎಳೆದು ಹೊಸದು ಹಾಕಿದ್ರು. ಕೇಬಲ್ ಎಳೆಯಕ್ಕೆ ಇಬ್ಬರು ಬೇಕು ಮಗಳೇ. ಒಬ್ಬ ಮೇಲೆ ಲಿವರ್ ಹತ್ರ, ಇನ್ನೊಬ್ಬ ಕೆಳಗೆ ಎಂಜಿನ್ ಗುಂಡೀಲಿ. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಎಳಿಯೋ, ಬಿಡೋ, ತಡಿಯೋ ಅಂತ ಕೂಗ್ಲೇಬೇಕು. ಮಾತಾಡ್ದೆ ಆಗೋ ಕೆಲಸಾನೇ ಅಲ್ಲ ಅದು."

ಲಾಂಬ್ರೊಸ್ ಬರೆಯುವುದನ್ನು ನಿಲ್ಲಿಸಿದ್ದ.

"ಸೋಮವಾರ ಬೆಳಿಗ್ಗೆ ಬೋಟು ಕಟ್ಟಿದ ಜಾಗದಲ್ಲೇ ಹಿಡ್ಕೊಳ್ಳುತ್ತೆ ಅಂದ್ಕೊಂಡೆ. ಊರಲ್ಲಿ ಇನ್ಯಾರಿದಾರೆ ಮೆಕ್ಯಾನಿಕ್ಕು? ಫೋತಿಸ್ ತಮ್ಮನ ಹತ್ರ ಹೋಗ್ಲೇಬೇಕಿತ್ತು. ನಾನು ಸಾಯೋದ್ರೊಳಗೆ ಒಂದು ಮಾತು ಕೇಳ್ಬೇಕಿತ್ತು, ಅಷ್ಟೇ. ಬೇಕರಿ ಹುಡುಗಿಗೆ ಭಾನುವಾರಾನೇ ನೋವು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಫೋತಿಸ್‌ಗೆ ರಾತ್ರಿಯೆಲ್ಲ ಫೋನ್ ಮಾಡ್ದೆ. ಎತ್ತಲಿಲ್ಲ. ಬೆಳಿಗ್ಗೆ ಚಿಕ್ಕೋನಿಗೆ ಹೇಳ್ದೆ, ಅಣ್ಣನ ಕೇಬಲ್ ಹಿಡ್ಕೊಂಡಿರುತ್ತೆ, ಹೋಗಿ ನೋಡಪ್ಪ ಅಂತ. ನಾನ್ಯಾಕೆ ಹೋಗ್ಲಿ ಅಂತಾನೆ ಅಂದ್ಕೊಂಡಿದ್ದೆ. ಅನ್ನಲಿಲ್ಲ."

"ನಿನ್ನೇನೇ ಯಾಕೆ ಬಂದು ಹೇಳ್ಲಿಲ್ಲ? ದೊಡ್ಡ ಮಗ ಲಾಕಪ್ಪಲ್ಲಿದಾನೆ."

"ಇವತ್ತು ಚಿಕ್ಕೋನನ್ನ ತೊಳೆದು ಬಟ್ಟೆ ಹಾಕ್ಬೇಕಿತ್ತು. ಅದನ್ನ ಇನ್ನೊಬ್ಬರ ಕೈಗೆ ಬಿಡಕ್ಕಾಗ್ಲಿಲ್ಲ. ಮುಗೀತು. ಈಗ ಬರ್ತೀನಿ."

11.40ಕ್ಕೆ ಫೋತಿಸನನ್ನು ಬಿಟ್ಟರು. ಯಾಕೆ ಎಂದು ಸೆವಸ್ತಿ ಅವನಿಗೆ ಹೇಳಿದಳು. "ಅಮ್ಮಾನಾ?" ಎಂದು ಅವನು ಒಂದು ಸಲ ಕೇಳಿದ. ಮೂರು ಗಂಟೆಗೆ ತಮ್ಮನ ಪೆಟ್ಟಿಗೆಗೆ ಹೆಗಲು ಕೊಟ್ಟ. ಅರೇತಿ ಅವನನ್ನು ತಡೆಯಲಿಲ್ಲ. ತಾಯಿ ಎರಡು ಹೆಜ್ಜೆ ಹಿಂದೆ ನಡೆದಳು, ಅವಳ ಹಿಂದೆ ಸೆವಸ್ತಿ, ಬೇಡಿಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು.

ಮಿರ್ಸಿನಿಯ ಬಂಧನದ ಸಮಯ ಸಂಜೆ 5.10. ಜಲಯಾನದ ಸುರಕ್ಷತೆಗೆ ಧಕ್ಕೆ, ಅದರಿಂದ ಸಾವು. ಲಾಂಬ್ರೊಸ್ ಹೇಳಿಕೆಯನ್ನು ಓದಿ ಹೇಳಿದ. ಮುದುಕಿ ಕೇಳಿಸಿಕೊಂಡು ಪೆನ್ನು ತೆಗೆದುಕೊಂಡವಳು ಸಹಿ ಹಾಕದೆ ತಡೆದಳು.

"ಧಕ್ಕೆ ಮೇಲೆ ಚಿಕ್ಕೋನು ಏನೋ ಕೂಗ್ದ ಅಂದ್ರು ಜನ. ಏನಂತ ಕೂಗ್ದ?"

ಸೆವಸ್ತಿ ಕಡತ ತೆರೆದು ಸ್ತ್ರಾತೋಸನ ಹೇಳಿಕೆಯ ಆ ಸಾಲನ್ನು ಓದಿದಳು. "'ಅಣ್ಣಾ, ಕೇಬಲ್ ಹಿಡ್ಕೊಂಡಿದೆ, ಎಂಜಿನ್ ಆರ್ಸು.'"

"ಅಣ್ಣಾ ಅಂದ್ನಾ?"

"ಹೌದಮ್ಮ."

"ದೊಡ್ಡೋನಿಗೆ ಕೇಳಿಸ್ತಾ?"

ಲಾಂಬ್ರೊಸ್ ತಲೆ ತಗ್ಗಿಸಿ ಕಾಗದ ಜೋಡಿಸತೊಡಗಿದ. ಸೆವಸ್ತಿ ಮೂರು ವರ್ಷದಿಂದ ಈ ಠಾಣೆಯಲ್ಲಿ ಯಾರಿಗೂ ಸುಳ್ಳು ಹೇಳಿರಲಿಲ್ಲ.

"ಕೇಳಿಸ್ತು," ಎಂದಳು.

ಮಿರ್ಸಿನಿ ತಲೆಯಾಡಿಸಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.