ಪಕೀರಪ್ಪನ ಉದ್ದ ಹೆಸರು

ಕಂಪ್ಯೂಟರಿನಲ್ಲಿ ಮುದ್ರಣ ನಡೆಸುವ ಪ್ರಿಂಟ್ ಸರ್ವಿಸ್ ಐದನೆಯ ಸಲ ನಿಂತಾಗ, ನೇತ್ರಾವತಿ ಕೊಪ್ಪಳಕ್ಕೆ ಫೋನ್ ಮಾಡುವ ಮೊದಲು ಕನ್ನಡಿ ನೋಡಿಕೊಂಡಳು.

ಯಲಬುರ್ಗಾದ ಬೀಜ ಸಹಕಾರ ಸಂಘದಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ಕೊಪ್ಪಳದ ಮುಖ್ಯ ಕಚೇರಿಯ ಶರಣಕುಮಾರ ಮೆಷಿನ್ ಕೆಟ್ಟರೆ ಮಾತ್ರ ಬರುವವನು. ಅದೇ ಅವಳ ಸಂಕಟ. ಎಲ್ಲ ಸರಿಯಿದ್ದ ವಾರ ಅವನ ಮುಖವೇ ಕಾಣುತ್ತಿರಲಿಲ್ಲ.

ಹನ್ನೊಂದರ ಬಸ್ಸಿಗೆ ಬಂದ, ಹೆಗಲಲ್ಲಿ ಅದೇ ಕರಿಯ ಬ್ಯಾಗು. ಚಹಾ ಕೂಡ ಮುಟ್ಟದೆ, ಪ್ರಿಂಟಿಗೆ ಹೋದ ಪ್ರತಿ ಫೈಲಿನ ಹೆಸರು ದಾಖಲಾಗುವ ಸರ್ವಿಸ್‌ನ ಲಾಗ್ ತೆರೆದು ಕುಳಿತ.

"ಮೇಡಂ, ಫೈಲಿಗೆ ಇಷ್ಟುದ್ದ ಹೆಸರು ಯಾಕ ಕೊಡ್ತೀರಿ?"

"ಒಂದ ಊರಾಗ ಆರು ಮಂದಿ ಪಕೀರಪ್ಪ ಅದಾರ್ರಿ ಸರ್. ತಂದಿ, ಅಜ್ಜ, ಓಣಿ ಬರೀದಿದ್ರ ಒಬ್ಬನ ಸದಸ್ಯತ್ವ ಪತ್ರ ಇನ್ನೊಬ್ಬಗ ಹೋಗತೈತಿ."

"ಖರೆ. ಆದ್ರ ಈ ಸರ್ವಿಸ್‌ನಾಗ ಹೆಸರಿಗೆ ಇಟ್ಟ ಜಾಗ ಸಣ್ಣದು. ಅಳತಿ ನೋಡದ ತುಂಬತೈತಿ, ಒಂದು ಸೇರಿನಾಗ ಎರಡು ಸೇರು ಜೋಳ ಸುರುವಿದಂಗ. ಚೆಲ್ಲಿದ್ದು ಬಾಜೂಕ ಬಿದ್ದು ಅಲ್ಲಿದ್ದದ್ದನ್ನ ಕೆಡಸತೈತಿ. ತಿಳಿದಾಂವ ಬೇಕಂತ ಚೆಲ್ಲಿದ್ರ, ತನ್ನ ಹುಕುಂ ಒಳಗ ತುರುಕಿ ಇಡೀ ಮೆಷಿನ್ನ ಕೈಯಾಗ ತಗೋತಾನ."

ಆಮೇಲೆ ಕೊನೆಯ ಹೆಸರನ್ನು ಅವನು ಸಾವಕಾಶವಾಗಿ ಓದಿದ. "ಪಕೀರಪ್ಪ ತಂದಿ ಯಮನೂರಪ್ಪ, ಅಗಸಿ ಹಿಂದಿನ ಓಣಿ, ಮನಿ ಮುಂದ ಬೇವಿನ ಗಿಡ, ಗಿಡದ ಕೆಳಗ ಕರೇ ಆಕಳ... ಆಕಳಾ ಯಾಕ ಬೇಕಿತ್ರಿ?"

ಕಣ್ಣು ಪರದೆಯ ಮೇಲೇ ಇತ್ತು. ತುಟಿಯಂಚಿನಲ್ಲಿ ಮಾತ್ರ ನಗು ತಡೆಯುತ್ತಿದ್ದ. ನೇತ್ರಾವತಿಗೆ ನಿಂತ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

"ಮೊದಲ ಮೂರು ಸಲ ಖರೇನ ಗೊತ್ತಿರಲಿಲ್ರಿ," ಅಂದಳು. "ಆಮ್ಯಾಲಿನ ಎರಡು ಸಲ... ಹೆಸರು ಉದ್ದ ಆದ್ರ ನೀವು ಬರ್ತೀರಿ ಅಂತ ಗೊತ್ತಾಗಿತ್ತು."

ಅವನ ಕಿವಿ ಕೆಂಪಾದವು.

"ಈ ತೂತು ಮುಚ್ಚೋ ಅಪ್ಡೇಟ್ ನಿನ್ನೆ ಬಂದೈತಿ. ಹಾಕಿದ್ರ ಸರ್ವಿಸ್ ಬೀಳೂದಿಲ್ಲ. ನನಗೂ ಇಲ್ಲಿ ಕೆಲಸ ಇರೂದಿಲ್ಲ."

ಮೌಸ್ ಮೇಲಿನ ಅವನ ಬೆರಳು ಸುಮ್ಮನೆ ನಿಂತಿತ್ತು. ಇನ್ನೊಂದು ವಾರ ಬಿಡ್ರಿ ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮೆಷಿನ್‌ನಲ್ಲಿ ನಾಲ್ಕು ಸಾವಿರ ರೈತರ ಹೆಸರು, ಫೋನ್ ನಂಬರು, ಹೊಲದ ವಿವರ ಇದ್ದವು. ಆರೂ ಪಕೀರಪ್ಪಂದಿರು ಅವಳನ್ನು ನಂಬಿ ಕೊಟ್ಟದ್ದು.

"ಹಾಕ್ರಿ ಸರ್."

ಹಾಕಿದ. ಕರೇ ಆಕಳ ಸಮೇತ ಪಕೀರಪ್ಪನ ಪತ್ರ ಸಲೀಸಾಗಿ ಹೊರಬಂತು. ಬಾಗಿಲಲ್ಲಿ ಅವನು ತಿರುಗಿ, "ಲಾಗ್ ನಾನು ಕೊಪ್ಪಳದಾಗ ದಿನಾ ಮುಂಜಾನಿ ಓದ್ತೀನ್ರಿ," ಅಂದು ಹೊರಟುಹೋದ.

ಮೂರು ವಾರ ಸರ್ವಿಸ್ ಒಮ್ಮೆಯೂ ನಿಲ್ಲಲಿಲ್ಲ. ಹನ್ನೊಂದರ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಅವಳ ಕೈ ಮಾತ್ರ ನಿಲ್ಲುತ್ತಿತ್ತು. ಇಷ್ಟು ಚೆನ್ನಾಗಿ ನಡೆಯುವ ಮೆಷಿನ್ ಮೇಲೆ ಅವಳಿಗೆ ಸಿಟ್ಟೇ ಬಂದಿತ್ತು.

ಕೊನೆಗೊಂದು ಸಂಜೆ ಖಾಲಿ ಹಾಳೆಯೊಂದನ್ನು ಪ್ರಿಂಟಿಗೆ ಕೊಟ್ಟಳು. ಫೈಲಿನ ಹೆಸರು: "ಸರ್ವಿಸ್ ಆರಾಮ ಐತಿ, ನೇತ್ರಾವತಿ ಆರಾಮ ಇಲ್ಲ, ನಿಮಗೂ ಹಂಗ ಆಗಿದ್ರ ಬ್ಯಾಗ್ ಬಿಟ್ಟು ಬರ್ರಿ."

ಮರುದಿನ ಹನ್ನೊಂದರ ಬಸ್ಸು ಬಂತು. ಶರಣಕುಮಾರ ಬಾಗಿಲಲ್ಲಿ ನಿಂತಿದ್ದ. ಹೆಗಲು ಖಾಲಿ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಕಾಣುತ್ತಿದ್ದ.

"ಏನ್ ಕೆಟ್ಟೈತಿ ಅಂತ ಬಂದ್ರಿ ಸರ್?" ಅವಳು ಕೇಳಿದಳು.

"ಏನೂ ಕೆಟ್ಟಿಲ್ಲ, ನೇತ್ರಾ. ಅದಕ್ಕ ಬಂದೀನಿ."