ಮಾಳಿಗೆಯ ಮೇಲಿನ ಹಪ್ಪಳ

ಅವತ್ತು ಸಿಂದಗಿಯಲ್ಲಿ ಬೆಳಗಿನಿಂದಲೇ ಬಿಸಿಲು ಚುರುಗುಟ್ಟುತ್ತಿತ್ತು. ಮೇಲೆ ಒಣಗಾಳಿ. ಹಪ್ಪಳಕ್ಕೆ ಹೇಳಿ ಮಾಡಿಸಿದ ದಿನ. ಅಂಥ ದಿನವೇ ಬಾಳಮ್ಮನ ಮನೆಯಲ್ಲಿ ಬಂಗಾರದ ಬಳೆಯೊಂದು ಕಾಣೆಯಾಯಿತು.

ಅದೇ ಓಣಿಯ ಶೈಲಶ್ರೀ ಹೆಡ್ ಕಾನ್‌ಸ್ಟೇಬಲ್. ರಜೆಯಲ್ಲಿದ್ದವಳು ಕೂಗು ಕೇಳಿ ಓಡಿಬಂದಳು. ಪಡಸಾಲೆಯಲ್ಲಿ ಉದ್ದಿನ ಹಿಟ್ಟಿನ ಉಂಡೆ, ಮಣೆ, ಲಟ್ಟಣಿಗೆ ಬಿದ್ದಲ್ಲೇ ಬಿದ್ದಿದ್ದವು.

"ಹಿಟ್ಟು ಮೆತ್ತತೈತಿ ಅಂತ ಎರಡೂ ಬಳಿ ಬಿಚ್ಚಿ ಅಡಗಿಮನಿ ಗೂಡಿನ್ಯಾಗ ಇಟ್ಟಿದ್ದೆ, ಶೈಲವ್ವ. ಈಗ ನೋಡಿದ್ರ ಒಂದೇ ಐತಿ." ಬಾಳಮ್ಮನ ಕಣ್ಣು ಪಕ್ಕದ ಮನೆಯ ಸೈದಾಬಿಯ ಮೇಲಿತ್ತು.

ಈ ಓಣಿಯಲ್ಲಿ ಹಪ್ಪಳವೆಂದರೆ ಮುಯ್ಯಿ. ಇಂದು ನನ್ನ ಮನೆಗೆ ನೀನು, ನಾಳೆ ನಿನ್ನ ಮನೆಗೆ ನಾನು. ಕಳ್ಳಿ ಎಂಬ ಮಾತು ಹಬ್ಬಿತೋ, ಸೈದಾಬಿಗೆ ಇನ್ನು ಯಾರ ಹೊಸ್ತಿಲೂ ಇಲ್ಲ.

"ನೀರು ಕುಡಿಯಾಕ ಅಂತ ಒಳಗ ಹೋದಾಕಿ ಇಕಿ ಒಬ್ಬಾಕೀನ," ಎಂದಳು ತವರಿಗೆ ಬಂದಿದ್ದ ಬಾಳಮ್ಮನ ನಾದಿನಿ ರುಕ್ಮವ್ವ.

"ಹೋಗಿದ್ದೆ. ನೀರು ಕುಡದೆ. ಬೇಕಾದ್ರ ಸೆರಗು ಝಾಡಿಸಿ ನೋಡ್ರಿ." ಸೈದಾಬಿ ಸೆರಗಿನ ತುದಿ ಮುಂದೆ ಹಿಡಿದಳು. "ಅಲ್ಲಾ ನೋಡಾಕತ್ತಾನ."

"ಅಂವಾ ನೋಡ್ಲಿ. ನಾನೂ ಒಂಚೂರು ನೋಡ್ತೇನಿ," ಎಂದಳು ಶೈಲಶ್ರೀ. "ರುಕ್ಮವ್ವಾರ, ನೀವೆಲ್ಲಿದ್ರಿ?"

"ಮುಂಜಾನಿಂದ ಮಾಳಿಗಿ ಮ್ಯಾಲ. ಹಪ್ಪಳ ತಿರುವಿ ಹಾಕ್ಕೋತ ಕುಂತಿದ್ದೆ. ಬಿಸಿಲಿಗೆ ತಲಿ ಸಿಡ್ಯಾಕತ್ತೈತಿ."

*

ಶೈಲಶ್ರೀ ಒಬ್ಬಳೇ ಮಾಳಿಗೆ ಹತ್ತಿದಳು. ಹಳೇ ಸೀರೆಯ ಮೇಲೆ ಹಪ್ಪಳ ಹರಡಿದ್ದವು. ಒಂದೊಂದೂ ಅಂಚು ಮೇಲೆತ್ತಿ ಬಟ್ಟಲಾಗಿತ್ತು. ಮೆಟ್ಟಿಲು ಇಳಿದದ್ದು ಹಿತ್ತಲಿಗೆ. ಹಿತ್ತಲ ಬಾಗಿಲು ತೆರೆದುಕೊಂಡದ್ದು ಅಡುಗೆಮನೆಗೆ.

*

"ಬಾಳಕ್ಕ, ಕಳ್ಳ ಆದಾಂವ ಎರಡೂ ಒಯ್ತಾನ. ಒಂದು ಬಿಟ್ಟು ಹೋಗಾಕ ಅಂವಗೇನು ಪುಣ್ಯ ಬೇಕಾಗೈತಿ? ಒಂದೇ ಒಯ್ದಾರ ಅಂದ್ರ, ಅದು ತಮ್ಮ ಪಾಲು ಅಂತ ತಿಳದಾರ. ಯಾರವು ಆ ಬಳಿ?" ಕೆಳಗಿಳಿದು ಬಂದ ಶೈಲಶ್ರೀ ಕೇಳಿದಳು.

ಬಾಳಮ್ಮ ತಡವರಿಸಿದಳು. "ನಮ್ಮತ್ತಿಯವು."

"ಇನ್ನ ಹಪ್ಪಳ. ಇಂಥ ಬಿಸಿಲಾಗ ತಿರುವದಿದ್ರ ಬಟ್ಟಲಾಗ್ತಾವ. ಮ್ಯಾಲಿನವು ಎಲ್ಲಾ ಬಟ್ಟಲಾಗ್ಯಾವ. ಅಲ್ಲಿ ಯಾರೂ ಕುಂತಿದ್ದಿಲ್ಲ. ಹೌದಲ್ರಿ, ರುಕ್ಮವ್ವಾರ?"

ರುಕ್ಮವ್ವ ಕುಪ್ಪಸದೊಳಗಿಂದ ಬಳೆ ತೆಗೆದಳು.

"ಸಾಯೂ ಮುಂದ ಅವ್ವ ಹೇಳಿದ್ಲು, ಒಂದು ನನಗ ಅಂತ. ವೈನಿ ಕೊಡಲೇ ಇಲ್ಲ. ಕೈಗೆ ಹಾಕ್ಕೊಂಡು ಒಳಗ ಅಳಕೋತ ಕುಂತೆ. ಹಪ್ಪಳ ಮರತೇ ಬಿಟ್ಟೆ."

"ಬಳಿ ನಿಮ್ಮದಿರಬಹುದು," ಎಂದಳು ಶೈಲಶ್ರೀ. "ಸೈದಾಬಿ ಹೆಸರು ನಿಮ್ಮದಲ್ಲಲ್ರಿ."

ಸೈದಾಬಿ ಯಾರ ಕಡೆಗೂ ನೋಡದೆ ಎದ್ದು ಹೋದಳು.

*

ಮರುದಿನ ಸೈದಾಬಿಯ ಮನೆಯಲ್ಲಿ ಹಪ್ಪಳ. ಯಾರನ್ನೂ ಕರೆದಿರಲಿಲ್ಲ. ಆದರೂ ಬಾಳಮ್ಮ ಬಂದಳು. ಹಿಂದೆ ತಲೆ ತಗ್ಗಿಸಿ ರುಕ್ಮವ್ವ. ಇಬ್ಬರ ಕೈಯಲ್ಲೂ ಒಂದೊಂದು ಬಳೆ.

ಸೈದಾಬಿ ಬಾಗಿಲಲ್ಲೇ ನಿಂತಳು. ಒಳಗೆ ಕರೆಯಲಿಲ್ಲ, ಹೋಗೆನ್ನಲೂ ಇಲ್ಲ.

ಬಾಳಮ್ಮ ತನ್ನ ಬಳೆ ಬಿಚ್ಚಿ ಅವಳ ಅಂಗೈಯಲ್ಲಿಟ್ಟಳು.

"ಹಿಟ್ಟು ಮೆತ್ತತೈತಿ. ನಿನ್ನ ಹಂತ್ಯಾಕ ಇರಲಿ."

ಆಮೇಲೆ ತಾನೇ ಒಳಗೆ ಹೋಗಿ ಮಣೆಯ ಮುಂದೆ ಕೂತಳು.